ಹಳೇ ಸಿನಿಮಾ, ಹಳೇ ಧಾರಾವಾಹಿ ಈಗ ಕೂತು ನೋಡಿದ್ರೆ ಹೇಗಿರ್ತದೆ? (ನಮ್ಮ ಮನೆಯ ನಾಲ್ಕು ಭಾನುವಾರ)

ರಥಬೀದಿ76 · ಉಡುಪಿ · ಭಾನುವಾರ ರಾತ್ರಿ 9:40

ಮಳೆ ಹಿಡಿದ ಮೇಲೆ ಎಲ್ಲಿಗೂ ಹೋಗ್ಲಿಕ್ಕಾಗುದಿಲ್ಲ. ಹಾಗಾಗಿ ಭಾನುವಾರ ಊಟ ಮುಗಿದ ಕೂಡಲೇ ಒಂದು ಹಳೇ ಸಿನಿಮಾ ಅಂತ ಮನೆಯಲ್ಲಿ ಶುರು ಮಾಡಿದ್ದೇವೆ. ನೋಡುವವರು ಮೂರೇ ಜನ: ನಾನು, 78 ವರ್ಷದ ಅಮ್ಮ, ಎರಡನೇ ಪಿಯುಸಿಯ ಮಗಳು. ಮೂವರ ಫೋನೂ ದೇವರ ಕೋಣೆಯಲ್ಲಿ ಇಡಬೇಕು, ಇದೊಂದೇ ನಿಯಮ. (ಅಮ್ಮನದ್ದೂ. ರೀಲ್ಸ್ ನೋಡುದ್ರಲ್ಲಿ ನಮ್ಮನೆಗೆ ಅವರೇ ಮೊದಲು.)

ಮೊದಲನೇ ವಾರ ‘ಸಂಪತ್ತಿಗೆ ಸವಾಲ್’, 1974ರದ್ದು. ಎಮ್ಮೆ ಮೇಲೆ ಕೂತು ರಾಜ್‌ಕುಮಾರ್ ಹಾಡುವಾಗ ಮಗಳೂ ತಾಳ ಹಾಕಿದಳು. ಆಮೇಲೆ ಜಂಬದ ಹುಡುಗಿಯನ್ನು ದಾರಿಗೆ ತರುವ ಭಾಗ ಬಂತು ನೋಡಿ, ಅವಳ ಮುಖ ಗಂಟಾಯ್ತು. "ಇವಳು ತಗ್ಗಿದ್ರೆ ಕಥೆ ಮುಗೀತು, ಅಷ್ಟೇ ಅಲ್ವಾ ಅಪ್ಪ?" ಅಂದಳು. ನಾನು ಮಂಜುಳಾ ಅವರ ಅಭಿನಯ ಎಷ್ಟು ಚೆಂದ ನೋಡು ಅಂತ ಮಾತು ಹಾರಿಸಿದೆ. ಅಭಿನಯ ಚೆಂದವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅವಳು ಕೇಳಿದ್ದು ಅದಲ್ಲ.

ಎರಡನೇ ವಾರ ‘ಚೋಮನ ದುಡಿ’. ಇದು ಅವಳಿಗೆ ಹಿಡಿಸ್ಲಿಕ್ಕಿಲ್ಲ, ಅರ್ಧದಲ್ಲಿ ಎದ್ದು ಹೋಗ್ತಾಳೆ ಅಂತಲೇ ಎಣಿಸಿದ್ದೆ. ಕಪ್ಪುಬಿಳುಪು, ನಿಧಾನ, ಮಾತೂ ಕಡಿಮೆ. ಹುಡುಗಿ ಅಲ್ಲಾಡಲಿಲ್ಲ. ಕೊನೆಗೆ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಡಿಯುವಾಗ ಅಮ್ಮ ಸೆರಗಿನಲ್ಲಿ ಕಣ್ಣು ಒರಸಿಕೊಂಡರು. ಮಗಳು ಮಾತ್ರ, "ಎತ್ತು ಇವನದ್ದೇ. ದುಡಿಯುವವನೂ ಇವನೇ. ಗದ್ದೆ ಯಾಕೆ ಕೊಡುದಿಲ್ಲ?" ಅಂತ ಕೇಳಿದಳು. ಅಮ್ಮ ಉತ್ತರ ಕೊಡಲಿಲ್ಲ. ಉಳುವವನೇ ಒಡೆಯ ಅಂತ ಕಾನೂನು ಬರುವ ಮೊದಲು ನಮ್ಮ ಅಜ್ಜನ ಮನೆಯಲ್ಲಿ ಎಷ್ಟು ಮುಡಿ ಗೇಣಿ ಬರ್ತಿತ್ತು ಅಂತ ನನಗೂ ಗೊತ್ತು, ಅಮ್ಮನಿಗೂ ಗೊತ್ತು.

ಆಗಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ನಾವು ‘ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ನಿಧಾನದ ಸಿನಿಮಾ ಬೇಡ’ ಅಂತೇವೆ. ನಮ್ಮ ಮನೆಯಲ್ಲಿ ಬಿದ್ದುಹೋದದ್ದು ವೇಗದ ಸಿನಿಮಾ, ನಿಂತದ್ದು ನಿಧಾನದ್ದು. ಒಂದು ಚಿತ್ರ ನಮ್ಮನ್ನು ಯಾರ ಪಕ್ಕ ಕೂರಿಸ್ತದೆ, ಯಾರನ್ನು ನೋಡಿ ನಗಿಸ್ತದೆ ಅನ್ನುದ್ರಲ್ಲೇ ಅದರ ಆಯುಷ್ಯ ಉಂಟು ಅಂತ ನನಗೆ ಕಾಣ್ತದೆ. ನಿಮ್ಮಲ್ಲಿ ಹೇಗೆ? ಆಂಟೆನಾ ತಿರುಗಿಸಿದ ಕಥೆ ಮಾತ್ರ ಯಾರೂ ಹೇಳಬೇಡಿ, ದಮ್ಮಯ್ಯ.

---

ಗೋಳಿಬಜೆ · ಮಂಗಳೂರು · 9:52

ನಾನು ಆಂಟೆನಾ ಕಥೆ ಅರ್ಧ ಟೈಪ್ ಮಾಡಿದ್ದೆ ಮಾರಾಯ್ರೆ. ಡಿಲೀಟ್ ಮಾಡಿದೆ.

---

ಬೆಂದೂರ್ ಬಾಯಿ · ಮಂಗಳೂರು · 10:15

ಯಾರನ್ನು ನೋಡಿ ನಗಿಸ್ತದೆ ಅಂದ್ರಲ್ಲ, ಅದಕ್ಕೆ ನಂದೊಂದು.

‘ನಾಗರಹಾವು’ 2018ರಲ್ಲಿ ಹೊಸ ಸೌಂಡ್ ಹಾಕಿ ಮತ್ತೆ ಬಿಡುಗಡೆ ಆದಾಗ ಥಿಯೇಟರಿಗೇ ಹೋಗಿ ನೋಡಿದೆ. ವಿಷ್ಣುವರ್ಧನ್ ಬಂದ ಕೂಡಲೇ ಸೀಟಿ, ಚಪ್ಪಾಳೆ. ನಾನೂ ಹೊಡೆದೆ. ಕೋಟೆಯ ಬಂಡೆಗಳನ್ನು ಪುಟ್ಟಣ್ಣ ತೋರಿಸಿದ ಹಾಗೆ ಇವತ್ತಿಗೂ ಯಾರೂ ತೋರಿಸಿಲ್ಲ ಅಂತ ನಾನು ಹೇಳ್ತೇನೆ. ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ಅಂತೂ ಕೇಳುದೇ ಬೇಡ.

ಆದರೆ ಮಾರ್ಗರೆಟ್ ಬಂದಾಗೆಲ್ಲ ನಾನು ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದೆ. ಆ ಕಾಲದ ಕನ್ನಡ ಸಿನಿಮಾದಲ್ಲಿ ಕ್ರಿಶ್ಚಿಯನ್ ಹುಡುಗಿ ಅಂದ್ರೆ ಗಿಡ್ಡ ಫ್ರಾಕು, ತುಂಡು ತುಂಡು ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷು. ನನ್ನ ವ್ಹಡ್ಲಿಮಾಯ್, ಅಂದ್ರೆ ಅಜ್ಜಿ, ಬೆಳಿಗ್ಗೆ ಐದಕ್ಕೆದ್ದು ಸೀರೆ ಉಟ್ಟು ಪೂಜೆಗೆ ನಡೆದು ಹೋಗ್ತಿದ್ದವರು, ವಾಪಸ್ ಬಂದು ದನ ಕರೆಯುವವರು. ಇಂಗ್ಲಿಷಿನಲ್ಲಿ ಅವರಿಗೆ ಬರ್ತಿದ್ದ ಶಬ್ದ ‘ಬಸ್’ ಒಂದೇ. ಸಣ್ಣವಳಿದ್ದಾಗ ವಿಡಿಯೋದಲ್ಲಿ ನೋಡಿದಾಗ ಇದೆಲ್ಲ ಹೊಳೆದೇ ಇರಲಿಲ್ಲ. ಶಾಲೆಯಲ್ಲಿ ನನ್ನನ್ನು ಎರಡು ವರ್ಷ ‘ಮಾರ್ಗರೆಟ್’ ಅಂತ ಕರೆದರು, ಅದನ್ನೂ ತಮಾಷೆ ಅಂತಲೇ ತಗೊಂಡಿದ್ದೆ.

ಒಂದು ವಿಚಿತ್ರ ಹೇಳ್ತೇನೆ. ‘ಚೋಮನ ದುಡಿ’ಯ ಕಾಫಿ ತೋಟದ ಮನ್ವೇಲನೂ ನಮ್ಮವನೇ, ಅವನೇನು ಒಳ್ಳೆ ಮನುಷ್ಯ ಅಲ್ಲ. ಆದರೆ ಅವನ ಮೇಲೆ ನನಗೆ ಸಿಟ್ಟು ಬರುದಿಲ್ಲ, ಅಂದ್ರೆ ಸಿನಿಮಾದ ಮೇಲೆ ಸಿಟ್ಟು ಬರುದಿಲ್ಲ. ಅಂಥವನೊಬ್ಬ ಇದ್ದಿರಬಹುದು ಅನಿಸ್ತದೆ. ಮಾರ್ಗರೆಟ್ ಎಲ್ಲಿಯೂ ಇರಲಿಲ್ಲ.

---

ಚೆಂಡೆಪೆಟ್ಟು · ಬ್ರಹ್ಮಾವರ · 10:31

ನನ್ನದು ಟಿವಿ ಕಡೆಯ ಮಾತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ ಮತ್ತೆ ಹಾಕಿತಲ್ಲ, ನಮ್ಮ ಯಕ್ಷಗಾನ ಮೇಳದ ತಿರುಗಾಟವೂ ನಿಂತಿದ್ದರಿಂದ ನಾನು ಪೂರ್ತಿ ನೋಡಿದೆ. 1987ರಲ್ಲಿ ಪಕ್ಕದ ಮನೆಯವರ ಜಗಲಿಯಲ್ಲಿ ಕೂತು ನೋಡಿದ್ದು. ಆಗ ಎರಡು ಬಾಣ ಆಕಾಶದಲ್ಲಿ ಮುಖಾಮುಖಿ ಬಂದು ನಿಲ್ಲುವಾಗ ಉಸಿರು ಬಿಗಿ ಹಿಡಿದಿದ್ದೆ. ಈಗ ಆ ಬಾಣಗಳು ಹತ್ತಿರ ಬರುವಷ್ಟರಲ್ಲಿ ಎದ್ದು ಹೋಗಿ ಚಾ ಮಾಡಿಕೊಂಡು ಬಂದೆ, ಇನ್ನೂ ಬರ್ತಾ ಇದ್ದವು.

ಅದನ್ನು ಬಿಡಿ. ಹಳತಾದದ್ದು ಬಾಣ ಅಲ್ಲ. ವಾಲಿವಧೆ ಬಂತು. ನಮ್ಮ ತಾಳಮದ್ದಳೆಯಲ್ಲಿ (ವೇಷ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ) ವಾಲಿ ಬಿದ್ದ ಮೇಲೆಯೇ ಪ್ರಸಂಗ ಏಳುದು. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಎಂತ ವೈರ ಅಂತ ವಾಲಿ ಕೇಳಿದರೆ ಒಳ್ಳೆ ಅರ್ಥಧಾರಿ (ಪಾತ್ರದ ಮಾತು ಹೇಳುವವ) ರಾಮನನ್ನು ಮುಕ್ಕಾಲು ಗಂಟೆ ನೀರು ಕುಡಿಸಿ ಬಿಡ್ತಾನೆ. ರಾಮನ ಅರ್ಥ ಹೇಳುವವನಿಗೆ ಸಾಕೋ ಸಾಕಾಗ್ತದೆ. ಸಭೆಯಲ್ಲಿ ಕೂತ ಭಕ್ತರೇ ವಾಲಿಯ ಮಾತಿಗೆ ತಲೆದೂಗ್ತಾರೆ, ಯಾರ ಭಕ್ತಿಗೂ ಅದರಿಂದ ಕೊರತೆ ಆಗುದಿಲ್ಲ. ಟಿವಿಯಲ್ಲಿ ವಾಲಿ ಕೇಳುದೂ ಮೆತ್ತಗೆ, ಒಪ್ಪುದೂ ಬೇಗ. ಹಿನ್ನೆಲೆ ಸಂಗೀತವೇ ಮೊದಲಿನಿಂದ ತೀರ್ಪು ಕೊಟ್ಟಾಗಿರ್ತದೆ.

ಅರವಿಂದ ತ್ರಿವೇದಿಯ ರಾವಣ ಮಾತ್ರ ಇವತ್ತಿಗೂ ಗಟ್ಟಿ. ಯಾಕೆಂದ್ರೆ ಆ ಮನುಷ್ಯನಿಗೆ ಬಣ್ಣದ ವೇಷದ, ಅಂದ್ರೆ ಯಕ್ಷಗಾನದ ರಾಕ್ಷಸ ಪಾತ್ರದ ಗತ್ತು ಉಂಟು. ನಮ್ಮಲ್ಲಿಯಾದ್ರೆ ಅವರಿಗೆ ತೆರೆ ಹಿಡಿದು ಒಡ್ಡೋಲಗದ ದೊಡ್ಡ ಪ್ರವೇಶ ಕೊಡ್ತಿದ್ದರು.

---

ಸೀನಿಯರ್ ಸಿಸ್ಟರ್ · ಮಣಿಪಾಲ · 11:05

ಡ್ಯೂಟಿ ಮುಗಿಸಿ ಬಂದು ಓದಿದೆ. ಆಸ್ಪತ್ರೆಯ ಸಿಸ್ಟರ್ ನಾನು, ಮಠದ್ದಲ್ಲ. ಬಾಣಂತಿಯರ ವಾರ್ಡಿನಲ್ಲಿ 22 ವರ್ಷ.

‘ಶರಪಂಜರ’ 1971ರ ಚಿತ್ರ. ಹೆರಿಗೆ ಆದ ಮೇಲೆ ಕಾವೇರಿಯ ಬುದ್ಧಿ ಕದಡುದು, ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬಂದರೂ ಮನೆಯವರು, ನೆರೆಕರೆಯವರು ಅವಳನ್ನು ಹುಚ್ಚಿ ಅಂತಲೇ ನೋಡುದು. ನಮ್ಮಲ್ಲಿ ಹಳಬರು ಇದಕ್ಕೆ ಬಾಣಂತಿ ಸನ್ನಿ ಅಂತಾರೆ. ಸನ್ನಿ ಹಿಡೀತು ಅಂದ್ರೆ ಮುಗೀತು, ಮಂತ್ರವಾದಿಯ ಮನೆಗೆ ಕರ್ಕೊಂಡು ಹೋಗುದು.

ಕಲ್ಪನಾ ಅಭಿನಯ ಅತಿಯಾಯ್ತು ಅಂತ ಈಗಿನವರು ಹೇಳ್ತಾರೆ. ಕಣ್ಣರಳಿಸುದು, ಕೈ ಆಡಿಸುದು, ಸ್ವರ ಎತ್ತುದು, ಹೌದು, ಜಾಸ್ತಿಯೇ. ಆದರೆ ಒಂದು ಕಡೆ ಗಮನಿಸಿ. ವಾಸಿಯಾಗಿ ಮನೆಗೆ ಬಂದ ಮೇಲೆ ಅವಳು ಏನು ಮಾಡಿದರೂ ಸುತ್ತ ಇರುವವರು ಒಂದು ಕ್ಷಣ ತಡೆದು ನೋಡ್ತಾರೆ. ಆ ತಡೆಯುವಿಕೆ ಉಂಟಲ್ಲ, ಅದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಹೋದ ವರ್ಷ ಒಬ್ಬಳು ತಾಯಿ, ಮಾತ್ರೆ ಸರಿಯಾಗಿ ತಗೊಂಡು ಪೂರ್ತಿ ಹುಷಾರಾಗಿದ್ದವಳು, ಮಗುವಿಗೆ ಕೈ ಚಾಚಿದಳು. ಅತ್ತೆ ಮಗುವನ್ನು ಕೊಟ್ಟರು. ಆದರೆ ಕೊಡುವ ಮೊದಲು ಒಮ್ಮೆ ನನ್ನ ಮುಖ ನೋಡಿದರು. ಅಷ್ಟೇ ಆದದ್ದು. ಆ ಹುಡುಗಿಗೆ ಅದು ಕಂಡಿತು.

50 ವರ್ಷದ ಹಿಂದೆ ತ್ರಿವೇಣಿ ಬರೆದು ಪುಟ್ಟಣ್ಣ ತೆಗೆದದ್ದು ಇದನ್ನೇ. ಹಾಗಾಗಿ ನನ್ನ ಮಟ್ಟಿಗೆ ಅದು ಹಳತಾಗಲಿಲ್ಲ. ಹಳತಾಗಿದ್ದಿದ್ರೆ ಒಳ್ಳೆದಿತ್ತು.

---

ಅತ್ತಾವರದ ಅಳಿಯ · ಮಂಗಳೂರು · ಸೋಮವಾರ ಬೆಳಿಗ್ಗೆ 8:10

ಎಲ್ಲರೂ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಒರಟು ಮಾತಾಡ್ತೇನೆ, ಕ್ಷಮಿಸಿ.

‘ಚೋಮನ ದುಡಿ’ ನಿಂತಿತು ಅಂತೀರಿ. ಚೋಮ ಮಾತಾಡುದು ಎಂತ ಭಾಷೆ? ಅವನು ತುಳು ಮಾತಾಡಬೇಕಿತ್ತು. ಶಿವರಾಮ ಕಾರಂತರು 1933ರಲ್ಲಿ ಕಾದಂಬರಿ ಕನ್ನಡದಲ್ಲಿ ಬರೆದರು, ಅದು ಬೇರೆ ವಿಷಯ, ಓದುಗರು ಇದ್ದದ್ದು ಕನ್ನಡಕ್ಕೆ. ಆದರೆ ಸಿನಿಮಾಕ್ಕೆ ಕಿವಿ ಉಂಟು. ಅದನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ನಮ್ಮ ಮಂಚಿಯವರೇ, ಬಂಟ್ವಾಳ ತಾಲೂಕಿನ ಮನುಷ್ಯ, ತುಳು ಕೇಳಿಯೇ ಬೆಳೆದವರು. 1971ಕ್ಕೇ ‘ಎನ್ನ ತಂಗಡಿ’ಯಿಂದ ತುಳು ಸಿನಿಮಾ ಶುರುವಾಗಿತ್ತು. 1975ರಲ್ಲಿ ಚೋಮನ ಬಾಯಲ್ಲಿ ತುಳು ಬರಲಿಲ್ಲ. ಈಗ ನೋಡುವಾಗ ನನಗೆ ಅದೇ ಕಿವಿಗೆ ಚುಚ್ಚುದು.

ಇನ್ನೊಂದು. ನಿಮಗೆಲ್ಲ ಬೇಕಾದದ್ದು ಸಿನಿಮಾ ಅಲ್ಲ, ನಿಮ್ಮ ಹತ್ತನೇ ವರ್ಷ. ನನಗೆ 29. ‘ಮಾಲ್ಗುಡಿ ಡೇಸ್’ ನಾನು ಮೊದಲ ಸಲ ನೋಡಿದ್ದು ಮೊಬೈಲಿನಲ್ಲಿ. ಚೆಂದ ಉಂಟು, ಇಲ್ಲ ಅನ್ನುದಿಲ್ಲ. ಆದರೆ ಆಗುಂಬೆಯ ತೊಟ್ಟಿಮನೆಯಲ್ಲಿ ಎಲ್ಲರೂ ಹಿಂದಿ ಮಾತಾಡ್ತಾರಲ್ಲ, ಅದು ಯಾರಿಗೂ ತೊಂದರೆ ಇಲ್ಲ, ಯಾಕೆಂದ್ರೆ ಆ ಟ್ಯೂನ್ ಕೇಳಿದ ಕೂಡಲೇ ಎಲ್ಲರ ಮಂಡೆ ಕರಗ್ತದೆ.

---

ರಥಬೀದಿ76 · 8:55

ಅಳಿಯರೇ, ತುಳುವಿನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಸರಿಯಾಗಿಯೇ ಹೇಳಿದ್ದೀರಿ. ವಾಸುದೇವ ರಾವ್ ಅವರಿಗೆ ಚೋಮನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು, ಆದರೂ ನೀವು ಹೇಳಿದ ಮೇಲೆ ಇನ್ನು ನನಗೂ ಅದು ಕೇಳಿಸ್ತಾ ಇರ್ತದೆ. ಒಂದೇ ಸಮಾಧಾನ, ದುಡಿಗೆ ಭಾಷೆ ಇಲ್ಲ.

ಹತ್ತನೇ ವರ್ಷದ ಮಾತು ಮಾತ್ರ ಒಪ್ಪುದಿಲ್ಲ. ಹಾಗಿದ್ರೆ ನನ್ನ ಮಗಳು ಯಾಕೆ ಕೂತಳು?

---

ಅತ್ತಾವರದ ಅಳಿಯ · 9:02

ಫೋನ್ ದೇವರ ಕೋಣೆಯಲ್ಲಿ ಇತ್ತಲ್ಲ ಸ್ವಾಮಿ.

---

ಗೋಳಿಬಜೆ · 9:03

😂 ಇದಕ್ಕೆ ನನ್ನದೊಂದು ಓಟು.

---

ಹಂಪನಕಟ್ಟೆ ರಿಪೇರಿ · ಮಂಗಳೂರು · ಮಧ್ಯಾಹ್ನ 1:20

ಒಂದು ಟೆಕ್ನಿಕಲ್ ಮಾತು. 30 ವರ್ಷ ವಿಸಿಆರ್, ಟಿವಿ ಬಿಚ್ಚಿದವನು ನಾನು. ಹಳೇ ಸಿನಿಮಾ ಮಸುಕು, ಸ್ವರ ಕೀರಲು, ಮಕ್ಕಳು ನೋಡುದಿಲ್ಲ ಅಂತ ಎಲ್ಲರ ದೂರು. ಸಿನಿಮಾ ಮಸುಕಲ್ಲ ಮಾರಾಯ್ರೆ, ನಿಮ್ಮ ಪ್ರತಿ ಮಸುಕು. 35 ಎಂಎಂ ಫಿಲ್ಮಿನಲ್ಲಿ ತೆಗೆದ ಚಿತ್ರದಲ್ಲಿ ಈಗಿನ ದೊಡ್ಡ ಟಿವಿಗೂ ಸಾಕಾಗುವಷ್ಟು ವಿವರ ಇರ್ತದೆ. ಅದನ್ನು ಟೇಪಿಗೆ ಇಳಿಸಿದರು, ಟೇಪಿನಿಂದ ವಿಸಿಡಿಗೆ. ವಿಸಿಡಿ ಅಂದ್ರೆ 352 ಅಡ್ಡ, 288 ಉದ್ದ, ಅಷ್ಟೇ ಚುಕ್ಕಿ. ಅಂಥದ್ದನ್ನೇ ಯೂಟ್ಯೂಬಿಗೆ ಏರಿಸಿದ್ದು ಬೇಕಾದಷ್ಟು ಉಂಟು. ಇನ್ನು ಕೆಲವರು ಕಾಪಿರೈಟಿನ ಕಣ್ಣು ತಪ್ಪಿಸ್ಲಿಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸ್ತಾರೆ, ಸ್ವರ ಸ್ವಲ್ಪ ಓಡಿಸ್ತಾರೆ. ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡ್ತಾರೆ, ನಾಯಕಿಯ ಹೂವು ಹೋಗ್ತದೆ, ಕೆಲವು ಸಲ ತಲೆಯೇ ಹೋಗ್ತದೆ.

ಮನೆಯಲ್ಲಿ ಮಾಡ್ಲಿಕ್ಕಾಗುವ ಎರಡು ಕೆಲಸ. ಟಿವಿಯ ಸೆಟ್ಟಿಂಗಿಗೆ ಹೋಗಿ 4:3 ಇಡಿ, ಎಡಬಲ ಕಪ್ಪು ಪಟ್ಟಿ ಬಂದರೆ ಬರಲಿ, ಅದು ದುಡ್ಡು ಹೋದದ್ದಲ್ಲ. ಮತ್ತೆ ಮೋಷನ್ ಸ್ಮೂದಿಂಗ್ ಅಂತ ಒಂದು ಉಂಟು, ಬೇರೆ ಬೇರೆ ಕಂಪೆನಿ ಬೇರೆ ಬೇರೆ ಹೆಸರು ಇಟ್ಟಿವೆ, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಯಾವ ಸಿನಿಮಾ ಆದ್ರೂ ಮದುವೆ ವಿಡಿಯೋ ಹಾಗೆ ಜಾರ್ತದೆ.

ಬಣ್ಣ ಹಾಕುವವರದ್ದು ಇನ್ನೊಂದು ಕಥೆ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪುಬಿಳುಪು, 2014ರಲ್ಲಿ ಬಣ್ಣ ಹಾಕಿ ಬಿಟ್ಟರು. ಜನ ಮತ್ತೆ ಬಂದು ನೋಡಿದರು, ಸಂತೋಷ. ನನಗೆ ಕಪ್ಪುಬಿಳುಪೇ ಇಷ್ಟ. ಕೊಟ್ಟೂ ಕೊಟ್ಟೂ ಮನೆ ಬರಿದಾಗುವ ಕಥೆಗೆ ಅಷ್ಟು ಬಣ್ಣ ಎಂತಕ್ಕೆ?

---

ಕೋಡಿ ಕಡಲ್ · ಕುಂದಾಪುರ · ಸಂಜೆ 6:45

ಹ್ವಾಯ್, ಎಲ್ಲರೂ ಬಂದ್ರಿ, ‘ಗುಡ್ಡದ ಭೂತ’ ಬಿಟ್ಟೇ ಬಿಟ್ರಿ ಅಲ್ದಾ?

(ಕುಂದಾಪ್ರ ಕನ್ನಡದಲ್ಲಿ ಪೂರ್ತಿ ಬರೆದ್ರೆ ಮಂಗ್ಳೂರಿನವರಿಗೆ ಅನುವಾದ ಕೊಡಬೇಕಾಗ್ತದೆ, ಹಾಗಾಗಿ ಪುಸ್ತಕದ ಭಾಷೆಗೆ ಬರ್ತೇನೆ.)

90ರ ಹೊತ್ತಿಗೆ ದೂರದರ್ಶನದಲ್ಲಿ ಬಂದದ್ದು. ನಿರ್ದೇಶನ ಮೂಲ್ಕಿಯ ಸದಾನಂದ ಸುವರ್ಣ. ಈಗಿನ ಪ್ರಕಾಶ್ ರಾಜ್ ಆಗ ಪ್ರಕಾಶ್ ರೈ, ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಶೀರ್ಷಿಕೆ ಹಾಡು ಶುರುವಾದ್ರೆ ನಾನು ಅಜ್ಜಿಯ ಬೆನ್ನ ಹಿಂದೆ. ನಮ್ಮ ಮನೆಯಿಂದ ಬಚ್ಚಲಿಗೆ ಹೋಗಬೇಕಾದರೆ ಅಂಗಳ ದಾಟಬೇಕಿತ್ತು, ಆ ರಾತ್ರಿಗಳಲ್ಲಿ ಯಾರೂ ದಾಟಲಿಲ್ಲ ಅಂತ ಮಾತ್ರ ಹೇಳ್ತೇನೆ. 2015ರಲ್ಲಿ ‘ರಂಗಿತರಂಗ’ ಬಂದಾಗ ಆ ಹಾಡಿನ ನೆನಪು ಮತ್ತೆ ಎದ್ದಿತು.

ಮೊನ್ನೆ ನೆಟ್ಟಿನಲ್ಲಿ ಸಿಕ್ಕಿದ ತುಂಡು ನೋಡಿದೆ. ಬೆಳಕು ಕಡಿಮೆ, ಕೆಲವು ಕಡೆ ಕ್ಯಾಮೆರಾ ನಡುಗ್ತದೆ. ಆದರೂ ಹೆದರಿಕೆ ಆಯ್ತು ಮಾರಾಯ್ರೆ, 43 ವರ್ಷಕ್ಕೆ! ಯಾಕೆ ಅಂತ ಯೋಚಿಸಿದೆ. ಭೂತವನ್ನು ತಂದು ಎದುರು ನಿಲ್ಲಿಸುವ ಆತುರ ಇಲ್ಲ. ಕತ್ತಲು, ಗುಡ್ಡ, ಆ ಸ್ವರ. ಉಳಿದದ್ದನ್ನು ನಮ್ಮ ತಲೆಯೇ ಮಾಡಿಕೊಳ್ತದೆ. ಈಗಿನ ಧಾರಾವಾಹಿಯಲ್ಲಿ ದೆವ್ವ ಬಂದರೆ ಮೂರು ಸಲ ಮೂರು ಕಡೆಯಿಂದ ತೋರಿಸಿ, ಢಂ ಢಂ ಮಾಡಿ, ಜಾಹೀರಾತಿಗೆ ಹೋಗ್ತಾರೆ.

ಇನ್ನೊಂದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ 1977ರಲ್ಲಿ ದುಡ್ಡು ಹಾಕಿದ ನಿರ್ಮಾಪಕರು ಇದೇ ಸುವರ್ಣರು. ಸ್ವರ್ಣಕಮಲ ಬಂದ ಚಿತ್ರ. ಅದನ್ನು ಸಂಸ್ಕರಿಸಿ ಹೊಸದು ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುವರ್ಣರು ತೀರಿಕೊಂಡದ್ದು ಅದೇ ವರ್ಷ, ಅದಕ್ಕೆ ಸ್ವಲ್ಪ ಮೊದಲು.

ನನ್ನಲ್ಲಿ ‘ಗುಡ್ಡದ ಭೂತ’ ಟಿವಿಯಿಂದ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್ ಒಂದು ಉಂಟು. ಮಾವನದ್ದು. ಲೇಬಲಿನಲ್ಲಿ ಪೆನ್ನಿನಲ್ಲಿ ಬರೆದಿದ್ದಾರೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಒಳಗೆ ಬಿಳಿ ಬಿಳಿ ಕಾಣ್ತದೆ. ಹಾಕಿ ನೋಡಲಾ, ರಿಪೇರಿಯವರೇ?

---

ಹಂಪನಕಟ್ಟೆ ರಿಪೇರಿ · 6:51

ಹಾಕಬೇಡಿ!! ಅದು ಬೂಸ್ಟು. ನಮ್ಮ ಕರಾವಳಿಯ ಮಳೆಗಾಲಕ್ಕೆ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬರುದಿಲ್ವಾ, ಅದೇ. ಹಾಗೇ ಹಾಕಿದ್ರೆ ಟೇಪೂ ಹರೀತದೆ, ಹೆಡ್ಡೂ ಕೆಡ್ತದೆ, ಆಮೇಲೆ ಅದೇ ವಿಸಿಆರಿಗೆ ಹಾಕಿದ ಬೇರೆ ಕ್ಯಾಸೆಟ್ಟಿಗೂ ಅಂಟ್ತದೆ. ಐದು ಸ್ಕ್ರೂ ಬಿಚ್ಚಿ, ಸುರುಳಿ ಹೊರಗೆ ತೆಗೆದು, ಸ್ಪಿರಿಟಿನಲ್ಲಿ ಅದ್ದಿದ ಮೆತ್ತಗಿನ ಬಟ್ಟೆಯ ನಡುವೆ ಟೇಪನ್ನು ಕೈಯಲ್ಲೇ ನಿಧಾನ ಸುತ್ತಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ನನಗೆ ಒಂದು ದಿನ ಹಿಡೀತದೆ. ತಂದುಕೊಡಿ. ದುಡ್ಡು ಬೇಡ, ಒಂದು ಪ್ರತಿ ನನಗೂ ಕೊಡಿ.

---

ಬೆಂದೂರ್ ಬಾಯಿ · 7:20

ಪೇಪರಿನವರು ‘ಪರಂಪರೆ ಸಂರಕ್ಷಣೆ’ ಅಂತಾರಲ್ಲ, ಅದು ಹೀಗಿರ್ತದೆ ಅಂತ ಗೊತ್ತಿರಲಿಲ್ಲ. ಸ್ಪಿರಿಟು, ಬಟ್ಟೆ, ಒಂದು ದಿನ.

---

ಚೆಂಡೆಪೆಟ್ಟು · 7:41

ಧಾರಾವಾಹಿಯ ಮಾತು ಬಂತಲ್ಲ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಮೊನ್ನೆ ಹೆಂಡತಿ ಮತ್ತೆ ಶುರು ಮಾಡಿದ್ದಾಳೆ. ಪಾತ್ರಗಳು ಮನೆಯಲ್ಲಿ ಉಡುವ ಸೀರೆಯನ್ನೇ ಉಟ್ಟಿದ್ದಾರೆ ಅನ್ನುದೇ ನನಗೆ ದೊಡ್ಡ ಆಶ್ಚರ್ಯ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳ್ತಾರೆ. ಅಷ್ಟೇ. ಈಗ ಅದೂ ಅಪರೂಪ.

---

ರಥಬೀದಿ76 · ಮುಂದಿನ ಭಾನುವಾರ, ರಾತ್ರಿ 10:05

ಹೋದ ವಾರ ಅಮ್ಮನಿಗೆ ಹುಷಾರಿರಲಿಲ್ಲ ಅಂತ ‘ಮಾಲ್ಗುಡಿ ಡೇಸ್’ನ ಎರಡು ಕಂತು ನೋಡಿ ಮುಗಿಸಿದ್ದೆವು. ಅಳಿಯರೇ, ಮಗಳೂ ನಿಮ್ಮ ಹಾಗೆ ಹಿಂದಿ ಯಾಕೆ ಅಂತಲೇ ಕೇಳಿದಳು. ಆದರೆ ಸ್ವಾಮಿ ಅಪ್ಪನ ಎದುರು ಲೆಕ್ಕ ಬಿಡಿಸಲಾಗದೆ ಒದ್ದಾಡುವಾಗ ಅಪ್ಪನ ಪಾತ್ರದ ಗಿರೀಶ್ ಕಾರ್ನಾಡರ ಮುಖ ನೋಡಿ, "ಇದು ನೀವೇ" ಅಂದಳು.

ಇವತ್ತು ‘ಘಟಶ್ರಾದ್ಧ’. ಕೋಡಿಯವರು ಹೇಳಿದ ಮೇಲೆ ಹಾಕದೆ ಇರ್ಲಿಕ್ಕಾಗಲಿಲ್ಲ. ಮೋಷನ್ ಸ್ಮೂದಿಂಗ್ ಆಫ್ ಮಾಡಿದೆ, ವ್ಯತ್ಯಾಸ ನಿಜವಾಗಿಯೂ ಉಂಟು.

ಇಡೀ ಚಿತ್ರ ನಾಣಿ ಅನ್ನುವ ಹುಡುಗನ ಕಣ್ಣಿನಿಂದ ಅಲ್ವಾ. ವೇದ ಕಲೀಲಿಕ್ಕೆ ಬಂದು ಮನೆ ನೆನೆದು ಅಳುವವನಿಗೆ ಯಮುನಕ್ಕ ಒಬ್ಬಳೇ ಆಸರೆ. ಅವಳು ವಿಧವೆ, ಬಸುರಿ, ಊರಿನವರ ಗುಸುಗುಸು. ಅಮ್ಮ ಮೊದಲಿನಿಂದ ಕೊನೆಯವರೆಗೂ ಒಂದು ಮಾತಾಡಲಿಲ್ಲ. ಕೊನೆಗೆ, ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ, ತಲೆ ಬೋಳಿಸಿ ಹೊರಗೆ ಹಾಕಿ, ತಾನು ಮಾತ್ರ ಎಳೆ ಹುಡುಗಿಯನ್ನು ಮದುವೆಯಾಗ್ಲಿಕ್ಕೆ ಹೊರಟಾಗ ಮಗಳು ಎದ್ದು ನಿಂತು ಟಿವಿಗೆ ಬೈದಳು. ಯಾವ ಬೈಗುಳ ಅಂತ ಇಲ್ಲಿ ಬರೆಯುದಿಲ್ಲ. ಅದು ಅವಳಿಗೆ ಎಲ್ಲಿಂದ ಬಂತು ಅಂತ ಆಮೇಲೆ ವಿಚಾರಿಸ್ತೇನೆ.

ಅಮ್ಮ ಆಗ ಬಾಯಿ ಬಿಟ್ಟರು. ಅವರ ಸೋದರತ್ತೆ ಒಬ್ಬರಿದ್ದರಂತೆ. ಕೆಂಪು ಸೀರೆ, ಬೋಳು ತಲೆ, ಹಿತ್ತಲ ಬದಿಯ ಕತ್ತಲೆ ಕೋಣೆ. ಹಪ್ಪಳ ಒತ್ತುದ್ರಲ್ಲಿ ಊರಿಗೇ ಹೆಸರಾದವರಂತೆ. ಈ 50 ವರ್ಷದಲ್ಲಿ ನಾನು ಆ ಹೆಸರನ್ನೇ ಕೇಳಿರಲಿಲ್ಲ. ಮಗಳು ಅಜ್ಜಿಯ ಹತ್ತಿರ ಕೂತು ಒಂದೊಂದೇ ಕೇಳ್ತಾ ಹೋದಳು, ಅವರಿಗೆ ಊಟ ಯಾರು ಬಡಿಸ್ತಿದ್ದರು, ಮದುವೆಗೆ ಕರೀತಿದ್ದರಾ, ಫೋಟೋ ಉಂಟಾ. ಫೋಟೋ ಇಲ್ಲ. ನಾನು ಕಾಫಿ ಮಾಡ್ಲಿಕ್ಕೆ ಒಳಗೆ ಹೋದೆ. ಬರುವಾಗಲೂ ಮಾತು ನಡೀತಾ ಇತ್ತು, ಹಾಗಾಗಿ ಕಾಫಿ ಇಟ್ಟು ಮತ್ತೆ ಒಳಗೆ ಹೋದೆ.

---

ಸೀನಿಯರ್ ಸಿಸ್ಟರ್ · 10:22

ಆ ಸೋದರತ್ತೆಯ ಹೆಸರು ಬರೆದಿಟ್ಟುಕೊಳ್ಳಿ. ಇಲ್ಲಿ ಬೇಡ, ಮನೆಯಲ್ಲಿ.

---

ಅತ್ತಾವರದ ಅಳಿಯ · 10:40

ಫೋನಿನ ತಮಾಷೆ ವಾಪಸ್ ತಗೊಂಡೆ. ಈ ವಾರ ನಾನೂ ನೋಡ್ತೇನೆ. ಒಳ್ಳೆ ಪ್ರತಿ ಎಲ್ಲಿ ಉಂಟು ಅಂತ ಹೇಳಿ, 352 ಬೇಡ.

---

ಹಂಪನಕಟ್ಟೆ ರಿಪೇರಿ · 11:15

ಕೋಡಿಯವರೇ, ನಿಮ್ಮ ಕ್ಯಾಸೆಟ್ ಮುಗೀತು. ಎರಡು ಕಡೆ ತುಂಡಾಗಿತ್ತು, ಅಂಟಿಸಿದೆ. ಸುದ್ದಿ ಅರ್ಧ ಒಳ್ಳೆದು. ‘ಗುಡ್ಡದ ಭೂತ’ 11 ನಿಮಿಷ ಉಂಟು, ಶೀರ್ಷಿಕೆ ಹಾಡು ಪೂರ್ತಿ, ಸ್ವರವೂ ಚೆಂದ. ಅದರ ಮೇಲೆ ಯಾರೋ ಬೇರೆ ರೆಕಾರ್ಡ್ ಮಾಡಿದ್ದಾರೆ. ಸೀಮಂತ. ಎರಡು ಗಂಟೆ 40 ನಿಮಿಷ. ಹಸಿರು ಸೀರೆ, ಕೈ ತುಂಬ ಬಳೆ, ಹಿಂದೆ ಒಬ್ಬ ಸಣ್ಣ ಹುಡುಗ ಕ್ಯಾಮೆರಾದ ಎದುರು ಬಂದು ಬಂದು ಭೂತದ ಹಾಗೆ ಕುಣೀತಾ ಇದ್ದಾನೆ.

---

ಕೋಡಿ ಕಡಲ್ · 11:19

ಸೀಮಂತ ಅತ್ತಿಗೆಯದ್ದು. ಹುಡುಗ ನಾನೇ.